ಕಲ್ಲಿನ ವೀರನ ಕೈಯಲ್ಲಿರುವ ಕತ್ತಿಯ ತೂಕ



ಇವತ್ತು ನಾನು ತೂಕದ ವಿಚಾರ ಮಾತಾಡುತ್ತೇನೆ. ಹಿಂದಿನ ಕಾಲದ ಕತ್ತಿ ಎಷ್ಟು ತೂಗುತ್ತಿತ್ತು, ಗುರಾಣಿ ಎಷ್ಟು, ಮೈಗೆ ತೊಡುವ ಕವಚ ಎಷ್ಟು ಎನ್ನುವ ವಿಚಾರ. ಮಲೆನಾಡಿನ ಅಂಬ್ಲಿಗೊಳ ಜಲಾಶಯದ ಆಸುಪಾಸಿನವರಿಗೆ ಇದು ದೂರದ ಮಾತಲ್ಲ. ಜಲಾಶಯದ ಏರಿ ಇಳಿದು ಶಿಕಾರಿಪುರದ ಕಡೆ ಹೋಗಿ, ಇಲ್ಲವೇ ಸೊರಬದ ಕಡೆ ಹೋಗಿ, ಕತ್ತಿ ಹಿಡಿದ ಮನುಷ್ಯನೊಬ್ಬ ಕಲ್ಲಿನಲ್ಲಿ ಎದುರಾಗುತ್ತಾನೆ. ಗುಡಿಯ ಮಗ್ಗುಲಲ್ಲಿ, ಕೆರೆ ದಂಡೆಯ ಮೇಲೆ, ಗದ್ದೆ ಬದುವಿನಲ್ಲಿ, ಒಮ್ಮೊಮ್ಮೆ ಯಾರದೋ ಹಿತ್ತಿಲ ಬೇಲಿಯ ಒಳಗೆ. ಇಂಥ ವೀರಗಲ್ಲುಗಳು ಕರ್ನಾಟಕದ ತುಂಬ ಇವೆ, ಆದರೆ ಈ ಎರಡು ತಾಲ್ಲೂಕುಗಳಷ್ಟು ದಟ್ಟವಾಗಿ ಸಿಗುವ ಸೀಮೆ ಅಪರೂಪ. ಬಿ.ಎಲ್. ರೈಸ್ ಅವರು ವೀರಗಲ್ಲುಗಳ ಬರಹವೂ ಸೇರಿದಂತೆ ಶಾಸನಗಳನ್ನು ಸಂಗ್ರಹಿಸಿ ಸಂಪುಟಗಳಾಗಿ ಅಚ್ಚು ಹಾಕಿಸಿದಾಗ ಶಿಕಾರಿಪುರದವು 1902ರ ಏಳನೆಯ ಸಂಪುಟದಲ್ಲಿ, ಸೊರಬದವು 1904ರ ಎಂಟನೆಯ ಸಂಪುಟದಲ್ಲಿ ಬಂದವು. ಆ ಎರಡು ಸಂಪುಟಗಳ ಪುಟ ತಿರುವಿದರೆ ದನ ಬಿಡಿಸಲು ಹೋಗಿ ಸತ್ತವರು, ಊರು ಉಳಿಸಲು ಹೋಗಿ ಸತ್ತವರು, ಹೆಣ್ಣುಮಕ್ಕಳ ಮಾನ ಕಾಯಲು ಹೋಗಿ ಸತ್ತವರು ಸಾಲುಸಾಲಾಗಿ ಸಿಗುತ್ತಾರೆ.

ಇದೇ ಊರುಗಳ ಕಾಲೇಜು ಹುಡುಗರು ಈಗ ಕಂಪ್ಯೂಟರಿನಲ್ಲಿ ಕತ್ತಿಯುದ್ಧದ ಆಟ ಆಡುತ್ತಾರೆ. ರಾಕ್ಷಸರು, ಡ್ರ್ಯಾಗನ್ನುಗಳು, ಕೋಟೆಗಳು, ಮಂತ್ರದ ಕತ್ತಿಗಳು. ಆ ಆಟಗಳ ಮೇಲೆ ನನಗೆ ಸಿಟ್ಟಿಲ್ಲ. ಕಥೆ ಕೇಳುವ ಆಸೆ ಮನುಷ್ಯನಿಗೆ ಯಾವತ್ತೂ ಇತ್ತು, ಈಗ ಅದು ಪರದೆಯ ಮೇಲೆ ಬಂದಿದೆ. ಆದರೆ ಅಂಥ ಹಲವು ಆಟಗಳಲ್ಲಿ ಪ್ರತಿ ವಸ್ತುವಿನ ಪಕ್ಕದಲ್ಲೂ ಒಂದು ಅಂಕಿ ಬರೆದಿರುತ್ತದೆ. ಅದು ತೂಕ. ಹೀರೋ ಇಷ್ಟು ತೂಕ ಹೊರಬಲ್ಲ, ಅದಕ್ಕಿಂತ ಹೆಚ್ಚಾದರೆ ಅವನಿಗೆ ಓಡಲಾಗದು. ಈ ಅಂಕಿಗಳ ಬಗ್ಗೆ ನನಗೆ ಹೇಳುವುದಿದೆ.

2011ರಲ್ಲಿ ಬಂದ ಸ್ಕೈರಿಮ್ ಎಂಬ ಆಟವನ್ನು ಲೋಕದ ತುಂಬ ಜನ ಆಡಿದರು. ಅದರಲ್ಲಿ ಸಾಧಾರಣ ಉಕ್ಕಿನ ಕತ್ತಿಯ ತೂಕ 10, ದೊಡ್ಡ ರಾಕ್ಷಸ ಸುತ್ತಿಗೆಯ ತೂಕ 31. ಇದು ಪೌಂಡೋ ಕಿಲೋವೋ ಆಟ ಹೇಳುವುದಿಲ್ಲ. ಪೌಂಡೆಂದೇ ಇಟ್ಟುಕೊಳ್ಳೋಣ. ಕತ್ತಿ ನಾಲ್ಕೂವರೆ ಕಿಲೋ ಆಯಿತು, ಸುತ್ತಿಗೆ 14 ಕಿಲೋ ಆಯಿತು. ಅದೇ ಆಟದಲ್ಲಿ ಬಾಣಕ್ಕೆ ತೂಕವೇ ಇಲ್ಲ, ಸಾವಿರ ಬಾಣ ಹೊತ್ತರೂ ಸೊನ್ನೆ. ಈ ಲೆಕ್ಕದ ಬೇರು ಇನ್ನೂ ಹಿಂದಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಗಡೆ ಉರುಳಿಸಿ ಆಡುವ ಆಟದ 1978ರ ಪುಸ್ತಕದಲ್ಲಿ ತೂಕವನ್ನು ಚಿನ್ನದ ನಾಣ್ಯದಲ್ಲಿ ಹೇಳುತ್ತಿದ್ದರು. ಹತ್ತು ನಾಣ್ಯಕ್ಕೆ ಒಂದು ಪೌಂಡು. ಎರಡೂ ಕೈಯಲ್ಲಿ ಹಿಡಿಯುವ ಕತ್ತಿಗೆ 250 ನಾಣ್ಯ, ಅಂದರೆ 25 ಪೌಂಡು, 11 ಕಿಲೋಗೂ ಮೇಲೆ. ಹೊರುವಾಗಿನ ತೊಡಕನ್ನೂ ಸೇರಿಸಿ ಹಾಕಿದ ಲೆಕ್ಕ ಅದು, ಆದರೆ ಓದಿದವರ ತಲೆಯಲ್ಲಿ ಕೂತದ್ದು ತೂಕವಾಗಿ. ಆ ಆಟವನ್ನು ತಿದ್ದುತ್ತ ಬಂದವರು 2014ರ ಆವೃತ್ತಿಯಲ್ಲಿ ಅದೇ ಕತ್ತಿಯನ್ನು 6 ಪೌಂಡಿಗೆ ಇಳಿಸಿದರು. ಮೂರು ಕಿಲೋಗಿಂತ ಸ್ವಲ್ಪ ಕಡಿಮೆ. ಅದು ನಿಜಕ್ಕೆ ಹತ್ತಿರ.

ನಿಜ ಎಷ್ಟು? ಯುರೋಪಿನ ಮಧ್ಯಕಾಲದ ಒಂಟಿಕೈ ಕತ್ತಿಗಳನ್ನು ವಸ್ತುಸಂಗ್ರಹಾಲಯಗಳಲ್ಲಿ ತಕ್ಕಡಿಗೆ ಹಾಕಿದಾಗ ಸಾಮಾನ್ಯವಾಗಿ ಒಂದರಿಂದ ಒಂದೂವರೆ ಕಿಲೋ ಒಳಗೆ ಸಿಗುತ್ತವೆ. ಎರಡೂ ಕೈಗೆ ಒದಗುವ ನೀಳ ಕತ್ತಿ ಒಂದೂವರೆಯ ಆಸುಪಾಸು. ಹದಿನಾರನೆಯ ಶತಮಾನದ ಜರ್ಮನ್ ಕೂಲಿ ಸೈನಿಕರು ಹಿಡಿದ, ಮನುಷ್ಯನ ಎತ್ತರದ ಕತ್ತಿಯೂ ಎರಡರಿಂದ ಮೂರೂವರೆ ಕಿಲೋ. ನಮ್ಮ ದೇಶದ ಬಾಗಿದ ತಲವಾರು ಬಹುಪಾಲು ಒಂದು ಕಿಲೋ ಹೆಚ್ಚುಕಡಿಮೆ. ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿದು ತಿವಿಯುವ ಕಠಾರಿ ಅರ್ಧ ಕಿಲೋ ಸುತ್ತಮುತ್ತ. ತೊಗಲಿನ ಅಥವಾ ಉಕ್ಕಿನ ದುಂಡು ಗುರಾಣಿ ಎರಡು ಮೂರು ಕಿಲೋ. ಕುದುರೆ ಸವಾರನ ಯುದ್ಧದ ಸುತ್ತಿಗೆ ಕೂಡ ಒಂದೂವರೆ ಎರಡು ಕಿಲೋ ದಾಟುವುದು ಕಡಿಮೆ.

ಹೇಳಿದರೆ ಹುಡುಗರು ನಂಬುವುದಿಲ್ಲ. ಇಷ್ಟು ಹಗುರವಾದ ಕತ್ತಿಯಲ್ಲಿ ಏನು ಕಡಿಯಲಾದೀತು ಎಂದು ಕೇಳುತ್ತಾರೆ. ಅವರಿಗೆ ನಾನು ಕೊಡಲಿಯ ಉದಾಹರಣೆ ಕೊಡುತ್ತೇನೆ. ಸೌದೆ ಒಡೆಯುವಾಗ ಕೊಡಲಿಯ ಕಾವಿನ ತುದಿ ಹಿಡಿಯುತ್ತೇವೆ. ತೂಕವೆಲ್ಲ ದೂರದ ತಲೆಯಲ್ಲಿರುವುದರಿಂದ ಪೆಟ್ಟು ಬಲವಾಗಿ ಬೀಳುತ್ತದೆ. ಅದೇ ಕೊಡಲಿಯನ್ನು ಕೈಯಲ್ಲಿ ಒಯ್ಯುವಾಗ ತಲೆಯ ಹತ್ತಿರ ಹಿಡಿಯುತ್ತೇವೆ, ಆಗ ಅದಕ್ಕೆ ಭಾರವೇ ಇಲ್ಲದಂತೆ ಆಗುತ್ತದೆ. ಕೊಡಲಿ ಬದಲಾಗಲಿಲ್ಲ, ತೂಕ ಬದಲಾಗಲಿಲ್ಲ. ತೂಕ ಎಲ್ಲಿ ಕೂತಿದೆ, ಕೈ ಎಲ್ಲಿದೆ ಎನ್ನುವುದಷ್ಟೇ ಬದಲಾಯಿತು. ಕತ್ತಿ ಮಾಡುವ ಕಮ್ಮಾರನ ವಿದ್ಯೆಯೆಲ್ಲ ಇಲ್ಲಿದೆ. ಅಲಗು ಹಿಡಿಕೆಯ ಬುಡದಲ್ಲಿ ಐದಾರು ಮಿಲಿಮೀಟರ್ ದಪ್ಪ ಇರುತ್ತದೆ, ಮುಂದಕ್ಕೆ ಹೋದಂತೆ ತೆಳುವಾಗುತ್ತ ತುದಿಯ ಹತ್ತಿರ ಎರಡು ಮಿಲಿಮೀಟರಿಗೆ ಇಳಿಯುತ್ತದೆ. ಹಿಡಿಕೆಯ ಹಿಂದೆ ಒಂದು ಗುಂಡೋ ಬಿಲ್ಲೆಯೋ ಕೂರಿಸಿ ತೂಕವನ್ನು ಕೈಯ ಕಡೆಗೆ ಎಳೆಯುತ್ತಾನೆ. ನಮ್ಮ ತಲವಾರಿನ ಹಿಡಿಯ ಹಿಂದಿರುವ ಅಗಲ ಬಿಲ್ಲೆ ಬರೀ ಅಲಂಕಾರವಲ್ಲ. ಒಂದೂಕಾಲು ಕಿಲೋ ತೂಗುವ ಎರಡು ವಸ್ತುಗಳಲ್ಲಿ ಒಂದು ಕೈಗೆ ಹೂವಿನಂತೆ ಬಂದೀತು, ಇನ್ನೊಂದು ಹತ್ತು ಸಲ ಬೀಸುವುದರಲ್ಲಿ ಮುಂಗೈ ನೋಯಿಸೀತು. ಆಟದ ಪರದೆಯ ಮೇಲಿನ ಒಂದೇ ಅಂಕಿ ಇದನ್ನು ಹೇಳಲಾರದು.

ಯುದ್ಧದಲ್ಲಿ ಒಮ್ಮೆ ಬೀಸಿ ಮುಗಿಯುವುದಿಲ್ಲ, ಇದನ್ನು ಮರೆಯಬಾರದು. ಬೀಸಿದ ಕತ್ತಿ ತಪ್ಪಿದರೆ ಅದನ್ನು ನಿಲ್ಲಿಸಬೇಕು, ಹಿಂದಕ್ಕೆ ತರಬೇಕು, ಅಷ್ಟರಲ್ಲಿ ಎದುರಾಳಿ ಒಳಗೆ ನುಗ್ಗಿರುತ್ತಾನೆ. ಹತ್ತು ಕಿಲೋ ಕತ್ತಿಯನ್ನು ಎತ್ತಬಲ್ಲ ಗಟ್ಟಿಗ ಇರಬಹುದು, ಅದನ್ನು ಗಾಳಿಯಲ್ಲಿ ನಡುವೆ ತಡೆದು ದಿಕ್ಕು ಬದಲಿಸಬಲ್ಲವ ಯಾರಿದ್ದಾನೆ? ಮೊದಲ ಬೀಸಿಗೇ ಅವನ ಕಥೆ ಮುಗಿದಿರುತ್ತದೆ.

ಭಾರದ ಆಯುಧ ನಿಜವಾಗಿ ಕೆಲಸ ಮಾಡುವ ಸಂದರ್ಭವೂ ಉಂಟು. ಚಿತ್ರದುರ್ಗದ ಒಬವ್ವನ ಕೈಯಲ್ಲಿದ್ದದ್ದು ಒನಕೆ. ಭತ್ತ ಕುಟ್ಟುವ ಒನಕೆ ಕತ್ತಿಗಿಂತ ಎಷ್ಟೋ ಪಾಲು ಭಾರ. ಆದರೆ ಅವಳು ನಿಂತ ಜಾಗ ನೋಡಿ. ಕೋಟೆಯ ಕಿಂಡಿಯಲ್ಲಿ ಶತ್ರು ಸೈನಿಕರು ಒಬ್ಬೊಬ್ಬರೇ ತಲೆ ತೂರಿಸಿ ಬರಬೇಕು. ಬಂದವನಿಗೆ ಪಕ್ಕಕ್ಕೆ ಸರಿಯಲು ಎಡೆಯಿಲ್ಲ, ಕೈ ಎತ್ತಲು ಎಡೆಯಿಲ್ಲ. ಅವಳಿಗೆ ಬೀಸುವ ಪ್ರಶ್ನೆ ಇಲ್ಲ, ಎತ್ತಿ ಇಳಿಸಿದರೆ ಸಾಕು. ಆ ಚಲನೆ ದಿನಾ ಒರಳಿನ ಮುಂದೆ ನಿಂತವಳ ತೋಳಿಗೆ ಹೊಸದಲ್ಲ. ಅವಳ ಧೈರ್ಯದ ಜೊತೆಗೆ ಈ ವಿವೇಕವನ್ನೂ ನಾವು ಮಕ್ಕಳಿಗೆ ಹೇಳಬೇಕು. ಬಯಲಿನಲ್ಲಿ ನಾಲ್ಕು ಜನರ ನಡುವೆ ಅದೇ ಒನಕೆ ಅಷ್ಟು ಕೆಲಸಕ್ಕೆ ಬರುತ್ತಿರಲಿಲ್ಲ.

ಈಗ ನಮ್ಮ ವೀರಗಲ್ಲಿಗೆ ಬರೋಣ. ಸೊರಬದ ಉದ್ರಿಯಲ್ಲಾಗಲಿ, ಶಿಕಾರಿಪುರದ ಬಂದಳಿಕೆ, ಬಳ್ಳಿಗಾವಿಗಳಲ್ಲಾಗಲಿ, ಸಾಮಾನ್ಯವಾಗಿ ಕಲ್ಲಿನ ಮೇಲೆ ಮೂರು ಹಂತಗಳಿರುತ್ತವೆ. ಮೇಲೆ ಲಿಂಗದ ಮುಂದೆ ಕೂತ ವೀರ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವ ನೋಟ, ಕೆಳಗೆ ಕಾಳಗ. ಹೆಚ್ಚಿನವರು ಮೇಲಿನ ಎರಡನ್ನು ನೋಡಿ ಕೈಮುಗಿದು ಹೊರಡುತ್ತಾರೆ. ನೀವು ಕೆಳಗಿನ ಹಂತದ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ. ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಬಿಸಿಲು ಓರೆಯಾಗಿ ಬೀಳುವಾಗ ಹೋದರೆ ಸವೆದ ಗೆರೆಗಳೂ ಎದ್ದು ಕಾಣುತ್ತವೆ. ವೀರನ ಎಡಗಾಲು ಮುಂದೆ, ಮೊಣಕಾಲು ಬಾಗಿದೆ, ಬಲಗಾಲು ಹಿಂದಕ್ಕೆ ಚಾಚಿದೆ. ಎಡಗೈಯ ಗುರಾಣಿ ಎದೆಯಿಂದ ದೂರ ಮುಂದಕ್ಕೆ ಹೋಗಿದೆ. ಬಲಗೈಯ ಕತ್ತಿ ತಲೆಯ ಹಿಂದೆ ಎತ್ತಿದೆ, ಒಂದೇ ಕೈಯಲ್ಲಿ. ತುರುಬು ಬಿಗಿದು ಕಟ್ಟಿದೆ. ಸೊಂಟದಲ್ಲಿ ಕಾಸೆ, ಕಾಸೆಗೆ ಸಿಕ್ಕಿಸಿದ ಸಣ್ಣ ಸುರಿಗೆ. ಕಾಲಿಗೆ ಏನೂ ಇಲ್ಲ. ಎದೆಯ ಮೇಲೂ ಎಷ್ಟೋ ಕಲ್ಲುಗಳಲ್ಲಿ ಏನೂ ಇಲ್ಲ. ಕೆಲವು ಕಲ್ಲುಗಳಲ್ಲಿ ಬಾಣಗಳು ಅವನ ಮೈಗೆ ಆಗಲೇ ನೆಟ್ಟಿವೆ. ಪಕ್ಕದಲ್ಲಿ ದನಗಳ ಸಾಲು, ಒಂದರ ಹಿಂದೆ ಒಂದು ಕೊಂಬು.

ಇವನ ಮೈಮೇಲಿನ ಭಾರವನ್ನು ಒಟ್ಟು ಹಾಕಿ. ಕತ್ತಿ ಒಂದು ಕಿಲೋ ಚಿಲ್ಲರೆ, ಗುರಾಣಿ ಎರಡು ಎರಡೂವರೆ, ಸುರಿಗೆ ಕಾಲು ಕಿಲೋ. ಬಿಲ್ಲುಗಾರನಾದರೆ ಗುರಾಣಿಯ ಬದಲು ಬಿಲ್ಲು, ಎರಡು ಡಜನ್ ಬಾಣ. ಬಾಣವೊಂದಕ್ಕೆ ಐವತ್ತು ಅರುವತ್ತು ಗ್ರಾಂ ಹಿಡಿದರೂ ಬತ್ತಳಿಕೆ ಸೇರಿ ಎರಡು ಕಿಲೋ. ಒಟ್ಟು ನಾಲ್ಕೈದು ಕಿಲೋ ಒಳಗೆ ಎಲ್ಲ ಮುಗಿಯಿತು. ಇದು ನನ್ನ ಅಂದಾಜು, ಕಲ್ಲಿನಲ್ಲಿ ಕಂಡ ಆಯುಧಗಳಿಗೆ ಉಳಿದು ಬಂದ ಆಯುಧಗಳ ತೂಕ ಹೊಂದಿಸಿ ಹೇಳುತ್ತಿದ್ದೇನೆ.

ಅವನ ಕೆಲಸಕ್ಕೂ ಇದು ಸರಿಹೊಂದುತ್ತದೆ. ಶಾಸನಗಳಲ್ಲಿ ತುರುಗೋಳ್ ಎನ್ನುವುದು ದನ ಹೊಡೆದುಕೊಂಡು ಹೋಗುವ ದಾಳಿ. ಕಳ್ಳರು ಮಂದೆಯನ್ನು ಎಬ್ಬಿಸಿ ಓಡಿಸಿಕೊಂಡು ಹೊರಟಿದ್ದಾರೆ, ಊರಲ್ಲಿ ಕೂಗೆದ್ದಿದೆ. ಮನೆಯ ಮೂಲೆಯಲ್ಲಿದ್ದದ್ದನ್ನು ಕೈಗೆ ತೆಗೆದುಕೊಂಡು ಓಡಬೇಕು. ಮಂದೆ ಊರ ಸೀಮೆ ದಾಟುವ ಮುಂಚೆ ಹಿಡಿಯಬೇಕು. ಅಡಿಕೆ ತೋಟದ ಕಾಲುದಾರಿ, ಕೆಸರು ಗದ್ದೆ, ಹಳ್ಳ, ಕುರುಚಲು ಕಾಡು. ಇಲ್ಲಿ ಕವಚ ಬಿಗಿದುಕೊಳ್ಳುತ್ತ ಕೂತವನಿಗೆ ದನದ ಧೂಳೂ ಸಿಗುವುದಿಲ್ಲ. ಓಡಬಲ್ಲವನು ಮಾತ್ರ ಹೋರಾಡಬಲ್ಲ. ಅವನು ಸತ್ತ ಮೇಲೆ ಮನೆಯವರಿಗೆ ಕೊಟ್ಟ ನೆಲಕ್ಕೆ ನೆತ್ತರುಗೊಡಗೆ ಎಂದರು. ಅಂಥ ಒಬ್ಬನ ಕೈಗೆ ಆಟ ತಯಾರಿಸುವವರು ಹತ್ತು ಕಿಲೋ ಕತ್ತಿ ಕೊಟ್ಟರೆ ಅವನ ಧೈರ್ಯದ ಅರ್ಧ ಭಾಗ ಅಲ್ಲೇ ಹೋಗುತ್ತದೆ. ಹತ್ತು ಕಿಲೋ ಬೀಸುವವನು ಬೇರೆ ಜಾತಿಯ ಪ್ರಾಣಿ, ನಮ್ಮವನಲ್ಲ. ನಮ್ಮವನ ಎದೆ ಬರಿದು, ಎದುರಿನ ಬಾಣಕ್ಕೆ ತಡೆಯಿಲ್ಲ. ಅದು ಗೊತ್ತಿದ್ದೂ ಅವನು ಹೋದ. ನನಗೆ ಈ ತೂಕದ ವಿಚಾರ ಇಷ್ಟು ಮುಖ್ಯವಾಗಿ ಕಾಣುವುದು ಇದಕ್ಕೇ.

ಆಯುಧವೆಂದರೆ ಮಣಭಾರ ಎನ್ನುವ ನಂಬಿಕೆ ಎಲ್ಲಿಂದ ಬಂತು? ನಮ್ಮಲ್ಲೇ ಅದಕ್ಕೆ ಕಾರಣಗಳಿವೆ. ಗರಡಿಮನೆಯಲ್ಲಿ ಲೋಡು ತಿರುಗಿಸುತ್ತಾರೆ, ಗದೆ ಬೀಸುತ್ತಾರೆ, ಉತ್ತರ ಕರ್ನಾಟಕದಲ್ಲಿ ಗುಂಡುಕಲ್ಲು ಎತ್ತುತ್ತಾರೆ. ಅವು ಬೇಕೆಂದೇ ಭಾರ ಮಾಡಿದವು, ಮೈ ಹುರಿಗೊಳಿಸುವುದಕ್ಕೆ. ಅವು ಸಾಮಿನ ಸಾಧನಗಳು. ಭಾರದಲ್ಲಿ ಪಳಗಿದ ತೋಳಿಗೆ ಹಗುರ ಕತ್ತಿ ಇನ್ನೂ ಹಗುರವಾಗುತ್ತದೆ ಎನ್ನುವುದು ಅದರ ಉದ್ದೇಶ. ಎರಡನೆಯದು ಮೆರವಣಿಗೆಯ ಆಯುಧ. ದೇವರ ಮುಂದೆ, ಅರಸನ ಮುಂದೆ ಹಿಡಿದು ನಡೆಯುವ ಕತ್ತಿ ದೊಡ್ಡದಾಗಿರಬೇಕು, ದೂರಕ್ಕೆ ಕಾಣಬೇಕು. ಅದರಿಂದ ಯಾರನ್ನೂ ಹೊಡೆಯಬೇಕಾಗಿಲ್ಲ. ಇಂಥವನ್ನು ಜೋಪಾನ ಮಾಡಿ ಇಟ್ಟರು, ಹಾಗಾಗಿ ಉಳಿದವು. ದಿನಬಳಕೆಯ ಸಾದಾ ಕತ್ತಿ ತುಕ್ಕು ಹಿಡಿಯಿತು, ಇಲ್ಲವೇ ಕುಲುಮೆಗೆ ಹೋಗಿ ಕುಡುಗೋಲಾಯಿತು, ನೇಗಿಲ ಗುಳವಾಯಿತು. ಉಳಿದದ್ದನ್ನು ನೋಡಿ ಹೋದದ್ದನ್ನು ಊಹಿಸಿದರೆ ಲೆಕ್ಕ ತಪ್ಪುತ್ತದೆ.

ಮೂರನೆಯದು ಬಾಯಿಮಾತು. ರಾಣಾ ಪ್ರತಾಪ ಎಂಬತ್ತೊಂದು ಕಿಲೋ ಭಲ್ಲೆ ಹಿಡಿದು ಎಪ್ಪತ್ತೆರಡು ಕಿಲೋ ಕವಚ ತೊಟ್ಟಿದ್ದ ಎಂದು ಫೋನಿನಲ್ಲಿ ಸಂದೇಶಗಳು ಓಡಾಡುತ್ತವೆ. ಉದಯಪುರದ ಅರಮನೆಯ ವಸ್ತುಸಂಗ್ರಹಾಲಯವೇ ಅವನ ಆಯುಧ ಕವಚಗಳ ಒಟ್ಟು ತೂಕ 35 ಕಿಲೋ ಎಂದು ಫಲಕ ಹಾಕಿದೆ. ಇನ್ನೊಂದು ಲೆಕ್ಕ ಇದರ ಪಕ್ಕದಲ್ಲಿಡಿ. ಇಂಗ್ಲೆಂಡಿನ ಲೀಡ್ಸ್ ನಗರದ ರಾಯಲ್ ಆರ್ಮರೀಸ್ ಸಂಗ್ರಹಾಲಯದಲ್ಲಿ ಭಾರತದಿಂದ ಹೋದ ಒಂದು ಆನೆಯ ಕವಚ ಇದೆ. ಉಳಿದಿರುವ 5,840 ಉಕ್ಕಿನ ತಗಡುಗಳ ಸಮೇತ ಅದರ ತೂಕ 118 ಕಿಲೋ. ಕೆಲವು ಭಾಗ ಕಳೆದುಹೋಗಿದೆ, ಇದ್ದಿದ್ದರೆ ಇನ್ನೂ ಹೆಚ್ಚಾಗುತ್ತಿತ್ತು. ಆದರೂ ಟನ್ನುಗಟ್ಟಲೆ ತೂಗುವ ಆನೆಗೆ ಹೊದಿಸಿದ್ದರಲ್ಲಿ ಈಗ ಉಳಿದದ್ದು ಅಷ್ಟು. ಆ ಸಂದೇಶದ ಪ್ರಕಾರ ಒಬ್ಬ ಮನುಷ್ಯ ಹೊತ್ತದ್ದು ಅದಕ್ಕಿಂತಲೂ ಹೆಚ್ಚಾಗುತ್ತದೆ. ಪ್ರತಾಪನ ಶೌರ್ಯಕ್ಕೆ ಇಂಥ ಬೆಂಬಲ ಬೇಕಿಲ್ಲ.

ಕವಚದ ಮಾತು ಬಂದಾಗ ಯುರೋಪಿನ ಸರದಾರರನ್ನು ಕ್ರೇನಿನಲ್ಲಿ ಎತ್ತಿ ಕುದುರೆಯ ಮೇಲೆ ಕೂರಿಸುತ್ತಿದ್ದರು ಎಂದು ಹೇಳುವವರಿದ್ದಾರೆ. ಅದು ಸಿನಿಮಾದಿಂದ ಹರಡಿದ ಕಥೆ. ಯುದ್ಧದ ಉಕ್ಕಿನ ಕವಚ ಸಾಮಾನ್ಯವಾಗಿ ಹದಿನೈದರಿಂದ ಇಪ್ಪತ್ತೈದು, ಕೆಲವೊಮ್ಮೆ ಮೂವತ್ತು ಕಿಲೋ ಅಥವಾ ಅದಕ್ಕೂ ಮೇಲೆ ಇರುತ್ತಿತ್ತು, ಅದೂ ಮೈಯೆಲ್ಲ ಹಂಚಿಕೊಂಡು. ಫ್ರಾನ್ಸಿನ ಬೂಸಿಕೋ ಎಂಬ ದಂಡನಾಯಕ ಕವಚ ತೊಟ್ಟೇ ಲಾಗ ಹಾಕುತ್ತಿದ್ದ ಎಂದು ಅವನ ಕಾಲದಲ್ಲೇ ಬರೆದ ಚರಿತ್ರೆಯಲ್ಲಿದೆ. ಹಾಗೆಂದು ಕವಚ ಪುಕ್ಕಟೆಯಲ್ಲ. 2011ರಲ್ಲಿ ಲೀಡ್ಸಿನ ವಿಜ್ಞಾನಿಗಳು ಮೂವತ್ತರಿಂದ ಐವತ್ತು ಕಿಲೋ ಕವಚದ ಪ್ರತಿರೂಪಗಳನ್ನು ಪಳಗಿದವರಿಗೆ ತೊಡಿಸಿ ಟ್ರೆಡ್‌ಮಿಲ್ ಮೇಲೆ ನಡೆಸಿದರು. ನಡೆಯಲು ಬೇಕಾದ ಶಕ್ತಿ ಎರಡು ಪಟ್ಟಿಗೂ ಮೇಲೆ ಏರಿತ್ತು. ಕಾಲಿಗೆ ಕಟ್ಟಿದ ಉಕ್ಕನ್ನು ಪ್ರತಿ ಹೆಜ್ಜೆಗೂ ಬೀಸಬೇಕು, ಎದೆ ಬಿಗಿದ ತಗಡಿನೊಳಗೆ ಉಸಿರು ತುಂಬದು. ಹಲವು ಆಟಗಳಲ್ಲಿ ಈ ಉಸಿರಿನ ಲೆಕ್ಕವೇ ಇರುವುದಿಲ್ಲ. ಇಪ್ಪತ್ತು ಕಿಲೋ ಚೀಲದಲ್ಲಿದ್ದರೂ ಒಂದೇ, ಮೈಮೇಲಿದ್ದರೂ ಒಂದೇ.

ನಮ್ಮ ಸೀಮೆಯಲ್ಲಿ ಆ ಬಗೆಯ ಕವಚಕ್ಕೆ ಹವೆಯೂ ಒಗ್ಗುವುದಿಲ್ಲ. ಬೇಸಗೆಯ ಸೆಕೆ ಒಂದು ಕಡೆ, ತಿಂಗಳುಗಟ್ಟಲೆ ಮಳೆ ಇನ್ನೊಂದು ಕಡೆ. ಆ ಮಳೆಯಲ್ಲಿ ಕಬ್ಬಿಣದ ಬಳೆಗಳನ್ನು ಹೆಣೆದ ಅಂಗಿ ತುಕ್ಕು ಹಿಡಿಯದಂತೆ ಕಾಯುವುದೇ ದೊಡ್ಡ ಕೆಲಸ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಂಡಿನ ಪ್ರದರ್ಶನ ನೋಡಿ, ಒತ್ತಾಗಿ ಹೊಲಿದ ದಪ್ಪ ಅಂಗಿಗಳು, ತೊಗಲಿನ ಪದರಗಳು, ಕಬ್ಬಿಣದ ತಗಡುಗಳು ಹೀಗೆ ಬಗೆಬಗೆಯ ರಕ್ಷೆಗಳನ್ನು ಬರೆದಿಟ್ಟ. ಬಟ್ಟೆಯ ಮೇಲೆ ಬಟ್ಟೆ ಇಟ್ಟು ಕೌದಿಯ ಹಾಗೆ ಹೊಲಿದ ಅಂಗಿ ಕತ್ತಿಯ ಏಟನ್ನು ಚೆನ್ನಾಗಿ ತಡೆಯುತ್ತದೆ. ಆಟಗಳಲ್ಲಿ ಬಟ್ಟೆಯ ಕವಚ ಎಂದರೆ ಬಡವನ ಕವಚ, ಮೊದಲ ಹಂತದಲ್ಲಿ ತೊಟ್ಟು ಬಿಸಾಡುವಂಥದ್ದು. ರಾಯನ ಸೈನ್ಯ ಅದನ್ನು ಹಾಗೆ ನೋಡಲಿಲ್ಲ.

ಬೆಂಗಳೂರಿನಲ್ಲಿ ಈಗ ವಿಡಿಯೊ ಆಟ ತಯಾರಿಸುವ ಕಂಪನಿಗಳಿವೆ, ಅಲ್ಲಿ ಕೆಲಸ ಮಾಡುವವರಲ್ಲಿ ಮಲೆನಾಡಿನ ಹುಡುಗ ಹುಡುಗಿಯರೂ ಇದ್ದಾರು. ಅವರಿಗೆ ನನ್ನದೊಂದು ಕೋರಿಕೆ. ಒಂದು ತುರುಗೋಳಿನ ಆಟ ಮಾಡಿ. ರಾಜ್ಯ ಗೆಲ್ಲುವ ಗುರಿ ಬೇಡ, ಹೊತ್ತು ಮುಳುಗುವ ಮುಂಚೆ ಮಂದೆಯನ್ನು ಹಟ್ಟಿಗೆ ಮರಳಿಸುವುದು ಗುರಿಯಾಗಲಿ. ಕತ್ತಿಗೆ 1.1 ಕಿಲೋ ಇಡಿ, ಗುರಾಣಿಗೆ 2.5, ಸುರಿಗೆಗೆ 0.25. ಪ್ರತಿ ಬಾಣಕ್ಕೂ 60 ಗ್ರಾಂ ಇಡಿ, ಸೊನ್ನೆ ಇಡಬೇಡಿ. ಬಿಟ್ಟ ಬಾಣ ಆರಿಸಿಕೊಂಡು ಬರುವ ಕಷ್ಟವೂ ಇರಲಿ. ತೂಕದ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ, ಆ ತೂಕ ಹಿಡಿಕೆಯಿಂದ ಎಷ್ಟು ಬೆರಳು ದೂರ ಕೂತಿದೆ ಎಂದು. ಹೊಲಿದ ಅಂಗಿ ಮಳೆಯಲ್ಲಿ ನೆನೆದರೆ ಭಾರವಾಗಲಿ. ಓಡಿದರೆ ಉಸಿರು ಕಟ್ಟಲಿ.

ವಸ್ತುಸಂಗ್ರಹಾಲಯದವರಿಗೂ ಒಂದು ಮಾತು. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ 2018ರಲ್ಲಿ ಹಾಳು ಬಾವಿಯೊಂದರಿಂದ ಸಾವಿರದಷ್ಟು ಹಳೆಯ ರಾಕೆಟ್ಟುಗಳು ಸಿಕ್ಕಾಗ ಅದನ್ನು ಕೇಳಲು ಜನರಿಗೆ ಎಷ್ಟು ಕುತೂಹಲ ಇತ್ತು ಎಂದು ನಾವು ಕಂಡಿದ್ದೇವೆ. ಆ ಕುತೂಹಲಕ್ಕೆ ಕೈಗೆ ಸಿಗುವ ಏನಾದರೂ ಕೊಡಬೇಕು. ಗಾಜಿನ ಹಿಂದಿನ ಕತ್ತಿಯ ಚೀಟಿಯಲ್ಲಿ ಹೆಸರು, ಕಾಲ, ಸಿಕ್ಕಿದ ಊರು ಬರೆಯುತ್ತೀರಿ, ತೂಕವನ್ನೂ ಬರೆಯಿರಿ. ಸಾಧ್ಯವಾದರೆ ಅದೇ ಅಳತೆ, ಅದೇ ತೂಕದ ಮೊಂಡು ಕತ್ತಿಯೊಂದನ್ನು ಊರಿನ ಕಮ್ಮಾರರಿಂದ ಮಾಡಿಸಿ, ಸರಪಳಿ ಹಾಕಿ ಬಾಗಿಲ ಬಳಿ ಇಡಿ. ಶಾಲೆಯಿಂದ ಬಂದ ಮಕ್ಕಳು ಸರದಿಯಲ್ಲಿ ನಿಂತು ಒಂದೊಂದು ಸಲ ಎತ್ತಿ ನೋಡಲಿ. ಹೆಣ್ಣುಮಕ್ಕಳು ಮೊದಲು ಎತ್ತಲಿ.